ಅಮ್ಮ ಹರಕೆ ಹೇಳಿದ್ದಾರೆ, ಯಾವ ದೇವರಿಗೆ ಅಂತ ಅವರಿಗೇ ನೆನಪಿಲ್ಲ. ತೀರಿಸುವುದು ಹೇಗೆ?

ನೀರ್ಚಾಲಿನವ
ಎಲ್ಲರಿಗೂ ನಮಸ್ಕಾರ. ಕಾಸರಗೋಡು ಕಡೆಯ ನಮ್ಮ ಮನೆಯಲ್ಲಿ ಒಂದು ತಕರಾರು ಎದ್ದಿದೆ. ಗೊತ್ತಿದ್ದವರು ಹೇಳಿ.

ಅಮ್ಮನಿಗೆ ಎಂಬತ್ತು ದಾಟಿದೆ. ಮರೆವಿನ ಕಾಯಿಲೆ. ನನ್ನನ್ನು ಒಮ್ಮೊಮ್ಮೆ ತನ್ನ ಅಣ್ಣ ಅಂದುಕೊಂಡು ಮಾತಾಡುತ್ತಾರೆ. ಆದರೆ ಒಂದು ಮಾತು ಮಾತ್ರ ಬಿಟ್ಟಿಲ್ಲ: "ಹರಕೆ ಹೇಳಿದ್ದೇನೆ, ತೀರಿಸಿಲ್ಲ." ಯಾವ ದೇವರಿಗೆ ಅಂತ ಕೇಳಿದರೆ ಒಂದು ದಿನ ಮಧೂರು, ಇನ್ನೊಂದು ದಿನ ಅಡೂರು, ಮತ್ತೊಂದು ದಿನ ಧರ್ಮಸ್ಥಳ. ಎಂತ ಹರಕೆ, ಯಾರಿಗೋಸ್ಕರ ಅಂದರೆ ಉತ್ತರ ಇಲ್ಲ. ಸಂಜೆ ಆದರೆ ಜಾಸ್ತಿ. ದೀಪ ಹಚ್ಚುವ ಹೊತ್ತಿಗೆ ಸೀರೆ ಸರಿ ಮಾಡಿಕೊಂಡು ಜಗಲಿಗೆ ಬಂದು "ಹೊರಡುವ" ಅನ್ನುತ್ತಾರೆ. ಒಳಗೆ ಕರೆದರೆ ಸಿಟ್ಟು, ಅಳು.

ಅಣ್ಣ ಹೇಳುತ್ತಾನೆ, ಜೋಯಿಸರನ್ನು ಕರೆಸಿ ಅಷ್ಟಮಂಗಲ ಪ್ರಶ್ನೆ ಇಡಬೇಕು ಅಂತ. ತಮ್ಮ ಬೆಂಗಳೂರಿನಲ್ಲಿದ್ದಾನೆ. ಅವನದ್ದು ಒಂದೇ ಮಾತು, "ಬಾಯಿಂದ ಬಂದದ್ದು ಗಾಳಿಗೆ ಹೋಯ್ತು, ಬಿಡಿ." ನಾನು ನಡುವೆ. ಒಬ್ಬರು ಯಾವತ್ತೋ ಹೇಳಿದ ಮಾತು ಮಕ್ಕಳನ್ನೂ ಕಟ್ಟಿಹಾಕುತ್ತದಾ?

ಬದಿಯಡ್ಕದ ಅಕ್ಕ
ಕಟ್ಟುತ್ತದೆ. ಯೋಚನೆ ಮಾಡುತ್ತಾ ಕೂತುಕೊಳ್ಳಬೇಡಿ. ಅಡೂರು, ಮಧೂರು, ಕಾವು, ಕಣ್ಯಾರ ನಾಲ್ಕಕ್ಕೂ ಹೋಗಿ ಒಂದೊಂದು ಸೇವೆ ಮಾಡಿಸಿ. ಕುಂಬಳೆ ಸೀಮೆಯವರು ಹೇಳಿದ ಹರಕೆ ಈ ನಾಲ್ಕನ್ನು ಬಿಟ್ಟು ಎಲ್ಲಿಗೆ ಹೋದೀತು?

ಗಲ್ಫ್ ಭಾವ
ಕಾವು, ಕಣ್ಯಾರ ಅಂದರೆ ಯಾವುದು ಅಕ್ಕ? ಹುಟ್ಟಿದ್ದು ಅಲ್ಲೇ, ಆದರೂ ಗೊತ್ತಿಲ್ಲ.

ಬದಿಯಡ್ಕದ ಅಕ್ಕ
ಕಾವು ಅಂದರೆ ಮುಜುಂಗಾವು. ಕಾವೇರಿ ಸಂಕ್ರಮಣಕ್ಕೆ ಕೆರೆಯಲ್ಲಿ ತೀರ್ಥಸ್ನಾನ ಆಗುತ್ತದಲ್ಲ, ಅಲ್ಲಿ. ಕಣ್ಯಾರ ಅಂದರೆ ಕುಂಬಳೆ ಪೇಟೆಯ ಗೋಪಾಲಕೃಷ್ಣ ದೇವಸ್ಥಾನ. ದುಡಿದದ್ದು ಸಾಕು ಭಾವ, ಊರಿಗೆ ಬನ್ನಿ.

ಉಪ್ಪಳ ಗೇಟ್
ಧರ್ಮಸ್ಥಳದ ಹೆಸರು ಬಾಯಲ್ಲಿ ಬಂದಿದ್ದರೆ ಅದು ಮೊದಲು. ಮಾತು ಬಿಡ ಮಂಜುನಾಥ ಅಂತ ಸುಮ್ನೆ ಹೇಳ್ತಾರಾ?

ಪೆರ್ಲದ ತಕರಾರು
ಕಾಸು ಬಿಡ ತಿಮ್ಮಪ್ಪ ಅನ್ನುವ ಅರ್ಧವನ್ನು ನುಂಗಿದಿರಲ್ಲ. ಅಮ್ಮ ತಿರುಪತಿ ಅನ್ನಲಿಲ್ಲ, ಅದೇ ಪುಣ್ಯ.

ನನ್ನ ಅಭಿಪ್ರಾಯ ತಮ್ಮನದ್ದೇ. ಸಾಲ ಮಾಡಿದವರು ಪತ್ರ ಬರೆದಿರಬೇಕು, ಸಾಕ್ಷಿ ಇರಬೇಕು. ಇಲ್ಲಿ ಎರಡೂ ಇಲ್ಲ. ಮೊತ್ತ ಗೊತ್ತಿಲ್ಲ, ಕೊಟ್ಟವರು ಯಾರು ಅಂತಲೂ ಗೊತ್ತಿಲ್ಲ.

ಉಪ್ಪಳ ಗೇಟ್
ಸಾಕ್ಷಿ ಇದೆಯಲ್ಲ. ಹೇಳಿದವರೇ ದಿನಾ ಸಂಜೆ ಜಗಲಿಗೆ ಬಂದು ಸಾಕ್ಷಿ ಹೇಳುತ್ತಿದ್ದಾರೆ.

ಅಡಿಕೆ ಸುಲಿಯುವವ
ಅಷ್ಟಮಂಗಲದ ವಿಷಯಕ್ಕೆ ಒಂದು ಮಾತು. ಅದನ್ನು ಸಾಮಾನ್ಯವಾಗಿ ದೇವಸ್ಥಾನದ ಜೀರ್ಣೋದ್ಧಾರ, ತರವಾಡಿನ (ಕುಟುಂಬದ ಮೂಲಮನೆಯ) ದೊಡ್ಡ ಸಮಸ್ಯೆ ಅಂಥದ್ದಕ್ಕೆ ಇಡುವುದು. ಒಂದು ಹರಕೆಯ ವಿಷಯ ಕೇಳುವುದಕ್ಕೆ ತಾಂಬೂಲ ಪ್ರಶ್ನೆ ಸಾಕು. ನೀವು ತೆಗೆದುಕೊಂಡು ಹೋದ ವೀಳ್ಯದೆಲೆಯನ್ನು ಎಣಿಸಿ, ಎಲೆ ಹರಿದಿದೆಯಾ ಬಾಡಿದೆಯಾ ನೋಡಿ ಹೇಳುತ್ತಾರೆ. ಖರ್ಚೂ ಕಡಿಮೆ. ನಮ್ಮ ಕಡೆಯ ಜೋಯಿಸರು ಹೆಚ್ಚಾಗಿ ನೋಡುವುದು ಪ್ರಶ್ನಮಾರ್ಗ ಗ್ರಂಥವನ್ನು. 1649ರಲ್ಲಿ ಕೇರಳದಲ್ಲೇ ಬರೆದದ್ದು.

ಪೆರ್ಲದ ತಕರಾರು
ಒಂದು ಹರಕೆ ಕೇಳಲಿಕ್ಕೆ ಹೋದವನು ನಾಗ, ಗುಳಿಗ, ಅಜ್ಜನ ಚಿಕ್ಕಪ್ಪನ ಪ್ರೇತ ಅಂತ ಒಂದು ಚೀಟಿ ತುಂಬಾ ಪರಿಹಾರ ಬರೆಸಿಕೊಂಡು ಬರುತ್ತಾನೆ. ನಮ್ಮ ನೆರೆಯಲ್ಲೇ ನೋಡಿದ್ದೇನೆ. ಕೇಳಲಿಕ್ಕೆ ಹೋದ ಹರಕೆ ಮಾತ್ರ ಆ ಚೀಟಿಯಲ್ಲಿ ಇರಲಿಲ್ಲ!

ನರ್ಸಕ್ಕ
ದೇವರ ವಿಷಯ ನೀವೆಲ್ಲ ಮಾತಾಡಿ. ನಾನು ಅಮ್ಮನ ವಿಷಯ ಹೇಳುತ್ತೇನೆ, ನನ್ನ ಕೆಲಸವೇ ಅದು.

ಮರೆವಿನ ಕಾಯಿಲೆಯವರಿಗೆ ಸಂಜೆ ಗಾಬರಿ ಹೆಚ್ಚಾಗುವುದು ತುಂಬಾ ಸಾಮಾನ್ಯ. ಕತ್ತಲೆ, ನೆರಳು, ದಿನದ ದಣಿವು ಎಲ್ಲ ಸೇರುತ್ತದೆ. ನಾಲ್ಕೂವರೆಗೇ ಲೈಟು ಹಾಕಿ. ಮಧ್ಯಾಹ್ನದ ನಿದ್ದೆ ಉದ್ದ ಆಗದ ಹಾಗೆ ನೋಡಿಕೊಳ್ಳಿ. ಸಂಜೆ ಕಾಪಿ ಬೇಡ. ಕೈಗೆ ಒಂದು ಕೆಲಸ ಕೊಡಿ, ಹೂ ಕಟ್ಟುವುದೋ ಬತ್ತಿ ಹೊಸೆಯುವುದೋ. ಇದ್ದಕ್ಕಿದ್ದ ಹಾಗೆ ಎರಡೇ ದಿನದಲ್ಲಿ ತುಂಬಾ ಹೆಚ್ಚಾದರೆ ಮೂತ್ರ ಪರೀಕ್ಷೆ ಮಾಡಿಸಿ. ವಯಸ್ಸಾದವರಲ್ಲಿ ಮೂತ್ರದ ಸೋಂಕು ಜ್ವರ ಇಲ್ಲದೆಯೂ ಹೀಗೆ ಕಾಣಿಸಿಕೊಳ್ಳುತ್ತದೆ. ಮನೆಯವರು ಅದನ್ನು ದೈವದ ಉಪದ್ರ ಅಂದುಕೊಂಡು ವಾರ ಕಳೆಯುತ್ತಾರೆ.

ಮತ್ತೆ, "ನಿನಗೆ ನೆನಪಿಲ್ಲ, ಸುಮ್ಮನಿರು" ಅಂತ ಮಾತ್ರ ಹೇಳಬೇಡಿ. ವಾದ ಮಾಡಿ ಅವರನ್ನು ಗೆಲ್ಲಲಿಕ್ಕೆ ಆಗುವುದಿಲ್ಲ. ಹೇಳಿದ್ದು ಮರೆತುಹೋಗುತ್ತದೆ, ನಿಮ್ಮ ಗದರಿಕೆ ಉಳಿಯುತ್ತದೆ. "ಹರಕೆ ತೀರಿಸಿದೆವಮ್ಮ, ಪ್ರಸಾದ ತಂದಿದ್ದೇವೆ" ಅಂತ ಗಂಧ ಕೈಗೆ ಕೊಟ್ಟು ನೋಡಿ.

ಬದಿಯಡ್ಕದ ಅಕ್ಕ
ನರ್ಸಕ್ಕ, ದೇವರ ವಿಷಯದಲ್ಲಿ ಹೆತ್ತಮ್ಮನಿಗೆ ಸುಳ್ಳು ಹೇಳುವುದಾ? ನನಗೆ ಕೇಳಿಯೇ ಮೈ ಜುಂ ಅಂತು.

ನರ್ಸಕ್ಕ
ಸುಳ್ಳು ಅನ್ನಿಸಿದರೆ ಮೊದಲು ಹೋಗಿ ಒಂದು ಸೇವೆ ಮಾಡಿಸಿ ಬನ್ನಿ, ಆಮೇಲೆ ಹೇಳಿ. ಆಗ ಸುಳ್ಳಲ್ಲ. ಆದರೆ ನಾಳೆ ಮತ್ತೆ ಕೇಳುತ್ತಾರೆ. ಆಗಲೂ ಅದೇ ಮಾತನ್ನು ಅಷ್ಟೇ ಸಮಾಧಾನದಲ್ಲಿ ಹೇಳಬೇಕು. ಕಷ್ಟ ಇರುವುದು ಅಲ್ಲಿ.

ತಳಂಗರೆ ಇಚ್ಚ
ನಮ್ಮಲ್ಲಿ ಇದಕ್ಕೆ ಲೆಕ್ಕ ಇದೆ, ಹೇಳುತ್ತೇನೆ. ಮನಸ್ಸಲ್ಲಿ ಅಂದುಕೊಂಡರೆ ಹರಕೆ ಆಗುವುದಿಲ್ಲ, ಬಾಯಿಬಿಟ್ಟು ಹೇಳಿರಬೇಕು. ಹೇಳಿದರೆ ತೀರಿಸಲೇಬೇಕು. ಆಗಲಿಲ್ಲ ಅಂದರೆ ಆಣೆ ಮುರಿದವರಿಗೆ ಹೇಳಿದ ಪ್ರಾಯಶ್ಚಿತ್ತವನ್ನೇ ಹೆಚ್ಚಿನ ಉಸ್ತಾದರು ಹೇಳುತ್ತಾರೆ: ಹತ್ತು ಮಂದಿ ಬಡವರಿಗೆ ಊಟ ಅಥವಾ ಬಟ್ಟೆ, ಅದಕ್ಕೂ ಶಕ್ತಿ ಇಲ್ಲದಿದ್ದರೆ ಮೂರು ದಿನ ಉಪವಾಸ. ಬುದ್ಧಿ ಸ್ಥಿಮಿತ ಇಲ್ಲದವರ ಮೇಲೆ ಲೆಕ್ಕ ಹಾಕುವುದಿಲ್ಲ.

ಮಕ್ಕಳ ವಿಷಯ ಕೇಳಿದಿರಲ್ಲ. ಸಅದ್ ಇಬ್ನು ಉಬಾದ ಅನ್ನುವವರು ಪ್ರವಾದಿಯವರ ಹತ್ತಿರ ಬಂದು, ನನ್ನ ತಾಯಿ ಒಂದು ಹರಕೆ ಬಾಕಿ ಇಟ್ಟು ತೀರಿಕೊಂಡಿದ್ದಾರೆ, ಎಂತ ಮಾಡಲಿ ಅಂತ ಕೇಳಿದ್ದರು. ಅವರ ಪರವಾಗಿ ನೀನೇ ತೀರಿಸು ಅಂತ ಉತ್ತರ ಸಿಕ್ಕಿತು. ನಿಮ್ಮ ಅಮ್ಮ ಬದುಕಿದ್ದಾರೆ, ನಿಮಗೆ ಇನ್ನೂ ಸುಲಭ.

ಬೇಳದವಳು
ನಮ್ಮಲ್ಲಿ ಉಲ್ಟಾ ಇಚ್ಚ. ಕಥೊಲಿಕ್ ಸಭೆಯ 1983ರ ಕಾನೂನು ಸಂಹಿತೆಯಲ್ಲಿ ಸ್ಪಷ್ಟವಾಗಿ ಇದೆ, ಹರಕೆ ಸ್ವಭಾವತಃ ಕಟ್ಟುವುದು ಹೇಳಿದವರನ್ನು ಮಾತ್ರ. ತಕ್ಕ ಕಾರಣ ಇದ್ದರೆ ಇಗರ್ಜಿಯ ವಿಗಾರರೇ ಬಿಡುಗಡೆ ಕೊಡಬಹುದು. ಇಷ್ಟೆಲ್ಲ ಇದ್ದರೂ ಏನು, ನನ್ನ ಅಜ್ಜಿ ನನ್ನ ಪರೀಕ್ಷೆಗೆ ಹೇಳಿದ್ದ ಹರಕೆಗೆ ನಾನೇ ವೇಳಾಂಕಣಿಗೆ ಹೋಗಿ ಬಂದೆ. ಕಾನೂನು ಸಂಹಿತೆ ಅಜ್ಜಿಗೆ ಯಾರು ಓದಿ ಹೇಳುವುದು?

ಗಲ್ಫ್ ಭಾವ
ಪಾಸಾದಿರಾ?

ಬೇಳದವಳು
ಗಣಿತ ಹೋಯ್ತು. ಅಜ್ಜಿ ಉಳಿದ ವಿಷಯಕ್ಕೆ ಮಾತ್ರ ಹೇಳಿದ್ದರಂತೆ.

ತಾಳಮದ್ದಳೆ ಮರುಳ
ಅಪ್ಪ ಅಮ್ಮ ಹೇಳಿದ ಹರಕೆ ಮಕ್ಕಳ ತಲೆಗೆ ಬರುವ ಕಥೆ ನಮ್ಮಲ್ಲಿ ಹಳೆಯದ್ದು. ಐತರೇಯ ಬ್ರಾಹ್ಮಣ ಅನ್ನುವ ವೈದಿಕ ಗ್ರಂಥದ ಹರಿಶ್ಚಂದ್ರ. ಸ್ಮಶಾನ ಕಾದವನ ಕಥೆ ಅಲ್ಲ, ಅದಕ್ಕಿಂತ ಹಿಂದಿನದ್ದು.

ಅವನಿಗೆ ಮಕ್ಕಳಿಲ್ಲ. ವರುಣನಿಗೆ ಹರಕೆ ಹೇಳಿದ: ಮಗ ಹುಟ್ಟಲಿ, ಅವನನ್ನೇ ನಿನಗೆ ಯಜ್ಞದಲ್ಲಿ ಕೊಡುತ್ತೇನೆ. ಹುಟ್ಟಿದ, ರೋಹಿತ ಅಂತ. ವರುಣ ಬಂದು ನಿಂತ. ಹತ್ತು ದಿನ ಆಗಲಿ ಅಂದ ರಾಜ. ಆಯ್ತು. ಹಲ್ಲು ಬರಲಿ. ಬಂತು. ಹಾಲುಹಲ್ಲು ಬೀಳಲಿ. ಬಿತ್ತು. ಹೊಸ ಹಲ್ಲು ಬರಲಿ. ಬಂತು. ಕ್ಷತ್ರಿಯ ಅಲ್ವಾ, ಕವಚ ತೊಡುವಂತಾಗಲಿ. ನಮ್ಮ ಊರಿನ ಸಹಕಾರಿ ಸಾಲದ ಹಾಗೆ ವಾಯಿದೆ ಮೇಲೆ ವಾಯಿದೆ. ಕೊನೆಗೆ ಮಗನಿಗೆ ವಿಷಯ ಗೊತ್ತಾಯಿತು, ಬಿಲ್ಲು ತೆಗೆದುಕೊಂಡು ಕಾಡಿಗೆ ಓಡಿಹೋದ. ಅವನು ಹರಕೆ ಹೇಳಿರಲಿಲ್ಲವಲ್ಲ! ಇತ್ತ ರಾಜನಿಗೆ ಹೊಟ್ಟೆ ಊದುವ ರೋಗ ಹಿಡಿಯಿತು.

ಕಾಡಿನಲ್ಲಿ ರೋಹಿತ ಒಬ್ಬ ಬಡ ಬ್ರಾಹ್ಮಣನ ನಡುವಿನ ಮಗನನ್ನು ನೂರು ದನ ಕೊಟ್ಟು ಕೊಂಡ, ಶುನಃಶೇಪ ಅಂತ. ದೊಡ್ಡವನನ್ನು ಅಪ್ಪ ಕೊಡಲಿಲ್ಲ, ಸಣ್ಣವನನ್ನು ಅಮ್ಮ ಕೊಡಲಿಲ್ಲ. ಅವನನ್ನು ಕಂಬಕ್ಕೆ ಕಟ್ಟಿದರು. ಕಟ್ಟಿದ್ದೂ ಹೆತ್ತ ಅಪ್ಪನೇ, ಇನ್ನೂ ನೂರು ದನ ತೆಗೆದುಕೊಂಡು. ಆ ಹುಡುಗನ ಹತ್ತಿರ ಉಳಿದದ್ದು ಬಾಯಿ ಮಾತ್ರ. ಒಬ್ಬೊಬ್ಬ ದೇವರನ್ನೂ ಸ್ತುತಿಸುತ್ತಾ ಹೋದ. ಕೊನೆಗೆ ಉಷಸ್ಸಿನ ಸ್ತುತಿಗೆ ಬಂದಾಗ ಒಂದೊಂದು ಋಕ್ಕಿಗೂ ಒಂದೊಂದು ಕಟ್ಟು ಬಿಚ್ಚಿಕೊಂಡಿತು, ರಾಜನ ಹೊಟ್ಟೆಯೂ ಇಳಿಯಿತು.

ತಾಳಮದ್ದಳೆಯಲ್ಲಿ ಈ ಪ್ರಸಂಗಕ್ಕೆ ವರುಣನ ಅರ್ಥ, ಅಂದರೆ ಆ ಪಾತ್ರದ ಮಾತು, ಹೇಳಲಿಕ್ಕೆ ನನಗೆ ಆಸೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿ ಬೆಳೆದ ಊರು ಇದು. ಪಾತ್ರ ಎಷ್ಟು ಕೆಟ್ಟದಾದರೂ ಅದರ ಪರವಾಗಿ ಮಾತು ಹುಡುಕುವುದನ್ನು ಅವರಿಂದ ಕಲಿಯಬೇಕು.

ಪೆರ್ಲದ ತಕರಾರು
ಕಥೆ ಚೆನ್ನಾಗಿದೆ. ಆದರೆ ನಿಮ್ಮ ಕಥೆ ನನ್ನ ಪರವಾಗಿದೆ. ಮಗ ಓಡಿಹೋದ, ಮತ್ತು ಬದುಕಿದ.

ತಾಳಮದ್ದಳೆ ಮರುಳ
ರೋಗ ಹಿಡಿದದ್ದು ಅಪ್ಪನಿಗೆ. ಇಲ್ಲಿ ಜಗಲಿಯಲ್ಲಿ ಅಳುತ್ತಿರುವುದು ಅಮ್ಮ. ಓಡಿಹೋಗಲಿಕ್ಕೆ ಮನಸ್ಸು ಬರುತ್ತದಾ?

ಚಂದ್ರಗಿರಿ ತಡಿ
ಮಧ್ಯೆ ಒಂದು ಸಂದೇಹ. ಪೂಜೆ ಮಾಡಿಸಿದರೆ ಭಟ್ಟರು ಸಂಸ್ಕೃತದಲ್ಲಿ ಎಂತದೋ ಹೇಳುತ್ತಾರೆ. ಅಮ್ಮನಿಗೆ ಮನಸ್ಸಿಗೆ ನಾಟಬೇಕಲ್ಲ. ಅರ್ಥ ಆಗದ ಮಾತಿಗೆ ಶಕ್ತಿ ಎಲ್ಲಿಂದ?

ನಿವೃತ್ತ ಮಾಷ್ಟ್ರು
ಈ ಜಗಳ ಎರಡು ಸಾವಿರ ವರ್ಷಕ್ಕಿಂತ ಹಳೆಯದ್ದು ತಮ್ಮಾ. ಕೌತ್ಸ ಅನ್ನುವವನು ವೇದಮಂತ್ರಗಳಿಗೆ ಅರ್ಥವೇ ಇಲ್ಲ ಅಂತ ವಾದಿಸಿದ್ದ. ಯಾಸ್ಕ, ವೇದದ ಪದಗಳ ಅರ್ಥ ಹೇಳುವ ತನ್ನ ನಿರುಕ್ತದಲ್ಲಿ, ಅದನ್ನು ಎತ್ತಿಕೊಂಡು ಉತ್ತರ ಕೊಡುತ್ತಾನೆ: ಕುರುಡನಿಗೆ ಕಂಬ ಕಾಣದಿದ್ದರೆ ಅದು ಕಂಬದ ತಪ್ಪಲ್ಲ. ಕೌತ್ಸನನ್ನು ಯಾರೂ ಊರು ಬಿಡಿಸಲಿಲ್ಲ, ಅವನ ವಾದವನ್ನು ಬರೆದಿಟ್ಟುಕೊಂಡೇ ಉತ್ತರ ಹೇಳಿದರು. ಇಲ್ಲಿ ತಕರಾರಿನವರನ್ನು ನಾವು ಸಹಿಸಿಕೊಂಡ ಹಾಗೆ.

ನಮ್ಮ ಊರಿನ ಕ್ರಮ ಗಮನಿಸಿ. ಸಂಕಲ್ಪ, ಮಂತ್ರ ಸಂಸ್ಕೃತದಲ್ಲಿ. ಎಲ್ಲ ಮುಗಿದ ಮೇಲೆ ಭಟ್ಟರು ನಿಂತು ಪ್ರಾರ್ಥನೆ ಮಾಡುತ್ತಾರಲ್ಲ, "ಇಂಥ ಮನೆಯವರು ಹೇಳಿಕೊಂಡ ಸೇವೆಯನ್ನು ಈಗ ಒಪ್ಪಿಸಿದ್ದಾರೆ, ತಿಳಿದೋ ತಿಳಿಯದೆಯೋ ಆದ ಲೋಪದೋಷ ಇದ್ದರೆ ಮನ್ನಿಸಿ" ಅಂತ, ಅದು ಶುದ್ಧ ಕನ್ನಡದಲ್ಲಿ. ಮಂತ್ರದ ಹೊತ್ತಿಗೆ ಮೊಬೈಲು ನೋಡುತ್ತಿದ್ದವರೂ ಆಗ ಕೈ ಮುಗಿಯುತ್ತಾರೆ. ನಿಮಗೆ ಬೇಕಾದದ್ದು ಆ ಪ್ರಾರ್ಥನೆ. ಮೊದಲೇ ಭಟ್ಟರಿಗೆ ವಿಷಯ ಹೇಳಿ, ಗಟ್ಟಿಯಾಗಿ, ಅಮ್ಮನ ಹೆಸರು ತೆಗೆದು ಹೇಳಲಿಕ್ಕೆ ಕೇಳಿಕೊಳ್ಳಿ.

ಕೊಡ್ಯಮ್ಮೆ
ದೈವದ ಕಡೆ ಹೋದರೆ ಇನ್ನೂ ನೇರ. ಕೋಲದ ದಿನ ದೈವದ ಎದುರು ನಿಂತು ತುಳುವಿನಲ್ಲೇ ಅರಿಕೆ ಮಾಡಿದರೆ, ದೈವ ನುಡಿ ಕೊಡುತ್ತದೆ. "ನಾನಿದ್ದೇನೆ, ಮಕ್ಕಳೇ ಹೆದರಬೇಡಿ" ಅನ್ನುವಷ್ಟಾದರೂ ಕೇಳುತ್ತದೆ. ನಮ್ಮ ಅತ್ತೆ ಆ ಒಂದು ನುಡಿಯಲ್ಲಿ ಇಡೀ ವರ್ಷ ನಿದ್ದೆ ಮಾಡುತ್ತಿದ್ದರು. ಆದರೆ ಮೇ ಕೊನೆಗೆ ಬರುವ ಪತ್ತನಾಜೆ ಕಳೆದರೆ ಕೋಲ ಇಲ್ಲ, ಮುಂದಿನ ವರ್ಷಕ್ಕೆ ಕಾಯಬೇಕು.

ಚಂದ್ರಗಿರಿ ತಡಿ
ಪ್ರಾರ್ಥನೆ ಕನ್ನಡದಲ್ಲಿ, ಸರಿ. ಕೌಂಟರಿನ ರಸೀದಿ ಮಲಯಾಳದಲ್ಲಿ. ಮೊನ್ನೆ ಒಂದು ಕಡೆ ನನ್ನ ಹೆಸರನ್ನು ಹೇಗೆ ಬರೆದರು ಅಂದರೆ, ಸೇವೆಯ ಫಲ ಬೇರೆ ಯಾರಿಗೋ ಹೋಗಿರಬೇಕು.

ಉಪ್ಪಳ ಗೇಟ್
ಕಾಸರಗೋಡು ಕೇರಳಕ್ಕೆ ಸೇರಿದ 1956 ನವೆಂಬರ್ 1ರಿಂದ ಇದೇ ಕಥೆ. ಗಡಿ ವಿವಾದದ ಮಹಾಜನ ವರದಿ 1967ರಲ್ಲೇ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಅಂತ ಹೇಳಿತ್ತು. ಕೊಟ್ಟ ಮಾತು

ವೇದಿಕೆ ನಿರ್ವಾಹಕ
ಅಲ್ಲಿಗೆ ಸಾಕು ಅಣ್ಣ. ಮಹಾಜನ ವರದಿಗೆ ಬೇರೆ ಚರ್ಚೆ ಇದೆ, ಅಲ್ಲಿ ಆಗಲೇ ಎಲ್ಲರೂ ಜಗಳ ಮಾಡಿ ದಣಿದಿದ್ದಾರೆ. ಇಲ್ಲಿ ಹರಕೆ.

ಹೊಸ ಸೊಸೆ
ನಮ್ಮತ್ತೆ ಮನೆಯಲ್ಲಿ ಅಕ್ಕಿ ಮುಗಿಯಿತು ಅನ್ನಬಾರದು, "ಅಕ್ಕಿ ಹೆಚ್ಚಿದೆ" ಅನ್ನಬೇಕು. ಹೊರಡುವಾಗ ಹೋಗ್ತೇನೆ ಅನ್ನಬಾರದು. ಅಸ್ತು ದೇವತೆಗಳು ಮಾಡಿನ ಮೇಲೆ ಕೂತು ಅಸ್ತು ಅಂತಾರಂತೆ. ಹಾಗಾದರೆ ಅಮ್ಮ ದಿನಾ "ತೀರಿಸಿಲ್ಲ, ತೀರಿಸಿಲ್ಲ" ಅನ್ನುವುದಕ್ಕೂ ಅಸ್ತು ಬೀಳುತ್ತದಾ? ಸುಮ್ನೆ ಕೇಳಿದ್ದು.

ಪೆರ್ಲದ ತಕರಾರು
ನಾನು ಅಂಗಡಿಯಲ್ಲಿ ಅಕ್ಕಿ ಹೆಚ್ಚಿದೆ ಅಂದೆ. ಹಾಗಾದರೆ ಹಳೆ ಬಾಕಿ ಕೊಡಿ ಅಂದ.

ನೀರ್ಚಾಲಿನವ
ಎಲ್ಲರ ಮಾತೂ ಓದಿದೆ. ಇಲ್ಲಿ ಒಂದು ಹೊಸ ಸಂಗತಿ. ಬದಿಯಡ್ಕದ ಅಕ್ಕ ಹೇಳಿದ ನಾಲ್ಕು ದೇವಸ್ಥಾನದ ಹೆಸರನ್ನು ಅಮ್ಮನ ಎದುರು ಹೇಳಿ ನೋಡೋಣ ಅಂತ ದೇವರ ಕೋಣೆಗೆ ಕರೆದುಕೊಂಡು ಹೋಗಿದ್ದೆ. ಅಮ್ಮ ಸೀದಾ ಹೋಗಿ ಮಂಟಪದ ಹಿಂದೆ ಕೈ ಹಾಕಿದರು. ಅಲ್ಲಿ ಒಂದು ಮುಡಿಪು, ಹರಕೆಯ ಕಾಣಿಕೆ ಕಟ್ಟಿಟ್ಟ ಗಂಟು. ಅರಸಿನ ಬಟ್ಟೆ, ಒಳಗೆ ಪಾವಲಿಗಳು, ಇಪ್ಪತ್ತೈದು ಪೈಸೆಯ ನಾಣ್ಯ. ಖಡ್ಗಮೃಗದ ಚಿತ್ರ ಇರುವವು. ಚೀಟಿ ಇಲ್ಲ. ಯಾವ ದೇವರಿಗೆ ಅಂತ ಈಗಲೂ ಗೊತ್ತಿಲ್ಲ.

ಅಡಿಕೆ ಸುಲಿಯುವವ
ಇಸವಿ ನೋಡಿ!

ನೀರ್ಚಾಲಿನವ
ಎಲ್ಲದರಲ್ಲೂ 1988. ಆ ಕಾಲದಲ್ಲಿ ತಮ್ಮ ತೀರಾ ಚಿಕ್ಕವನು. ಜ್ವರ ತಲೆಗೇರಿ ಮಂಗಳೂರಿನ ಆಸ್ಪತ್ರೆಯಲ್ಲಿ ತುಂಬಾ ದಿನ ಇದ್ದ. ಅಣ್ಣನಿಗೆ ಅದು ಚೆನ್ನಾಗಿ ನೆನಪಿದೆ.

ಗಲ್ಫ್ ಭಾವ
ಅಂದರೆ ಗಾಳಿಗೆ ಹೋಯ್ತು ಅಂದವನೇ ಹರಕೆಯ ಕೂಸಾ! ಹಹ್ಹ!

ಪೆರ್ಲದ ತಕರಾರು
ನಿಲ್ಲಿ ನಿಲ್ಲಿ. ಖಡ್ಗಮೃಗದ ಪಾವಲಿ ಶುರುವಾದದ್ದೇ 1988ರಲ್ಲಿ. ಆ ವರ್ಷ ಅಚ್ಚಾದ ನಾಣ್ಯ ಹತ್ತು ವರ್ಷ ಕಳೆದೂ ಕೈಯಲ್ಲಿ ಓಡಾಡುತ್ತದೆ. ಅದರ ಹಿಂದೆ ಕಟ್ಟಿದ್ದಲ್ಲ ಅಂತ ಹೇಳಬಹುದು, ಅಷ್ಟೇ. ಹರಕೆ ಅಣ್ಣನ ಮದುವೆಗೂ ಇರಬಹುದು, ದನ ಕಳೆದದ್ದಕ್ಕೂ ಇರಬಹುದು. ಇನ್ನೊಂದು: 2011 ಜೂನ್ 30ರಿಂದ ಪಾವಲಿ ಚಲಾವಣೆಯಲ್ಲಿ ಇಲ್ಲ. ಸರಕಾರವೇ ಹರಕೆ ಮನ್ನಾ ಮಾಡಿದೆ.

ಬದಿಯಡ್ಕದ ಅಕ್ಕ
ಮುಡಿಪಿನ ನಾಣ್ಯಕ್ಕೆ ಚಲಾವಣೆಯ ಲೆಕ್ಕ ಇಲ್ಲ. ಕಟ್ಟಿದ ಹಾಗೇ ಹುಂಡಿಗೆ ಹಾಕಬೇಕು. ಬಿಚ್ಚಲೇಬಾರದಿತ್ತು. ಈಗ ಹೊಸ ಬಟ್ಟೆಯಲ್ಲಿ ಕಟ್ಟಿ, ಮೇಲೆ ಒಂದು ರೂಪಾಯಿ ತಪ್ಪುಕಾಣಿಕೆ ಸೇರಿಸಿ.

ಕೊಡ್ಯಮ್ಮೆ
ಮಧೂರಿಗೇ ಹೋಗಿ. ನಿಮಗೆ ಹತ್ತಿರ, ಅಮ್ಮ ಮೊದಲು ಹೇಳಿದ್ದೂ ಅದೇ. ಒಂದು ಅಪ್ಪ ಸೇವೆ (ಗಣಪತಿಗೆ ಸಿಹಿ ಅಪ್ಪದ ನೈವೇದ್ಯ) ಮಾಡಿಸಿ. ಎಲ್ಲಿಯ ಹರಕೆ ಇದ್ದರೂ ಅಲ್ಲಿಗೆ ಮುಟ್ಟಲಿ ಅಂತ ಪ್ರಾರ್ಥನೆಯಲ್ಲಿ ಸೇರಿಸಿದರೆ ಆಯ್ತು.

ನರ್ಸಕ್ಕ
ಬೆಳಿಗ್ಗೆ ಹೋಗಿ. ಜಾತ್ರೆ, ಸಂಕಷ್ಟಿ, ರಜೆ ದಿನ ಬೇಡ, ಜನಸಂದಣಿ ಕಂಡರೆ ಹೆದರುತ್ತಾರೆ. ಮಾತ್ರೆ, ಒಂದು ಜೊತೆ ಬಟ್ಟೆ, ನೀರಿನ ಬಾಟಲಿ ಜೊತೆಗಿರಲಿ. ಬರುವಾಗ ಗಂಧ ಪ್ರಸಾದವನ್ನು ಒಣಗಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಸಂಜೆ ಕೇಳಿದಾಗಲೆಲ್ಲ ಅದರಿಂದ ಒಂದು ಚೂರು ಹಣೆಗೆ.

ನೀರ್ಚಾಲಿನವ
ಹಾಗೇ ಮಾಡುತ್ತೇವೆ. ಭಟ್ಟರಿಗೆ ಫೋನು ಮಾಡಿ ವಿಷಯ ಹೇಳಿದೆ. ಅವರಿಗೆ ಏನೂ ಹೊಸತು ಅನ್ನಿಸಲಿಲ್ಲ. ಇಂಥವರು ತುಂಬಾ ಜನ ಬರುತ್ತಾರೆ, ಅಮ್ಮನ ಹೆಸರು, ನಕ್ಷತ್ರ ತನ್ನಿ ಅಂದರು.

ತಮ್ಮನಿಗೂ ಮುಡಿಪಿನ ಫೋಟೋ ಕಳಿಸಿದೆ. ಖರ್ಚು ಪೂರ್ತಿ ನಾನೇ ಕೊಡುತ್ತೇನೆ, ನಂಬಿಕೆ ಇಲ್ಲ ಅಂತ ಮಾತ್ರ ಬರೆದುಕೊಳ್ಳಿ ಅಂದ. ಅಣ್ಣ ಇನ್ನೂ ಅಷ್ಟಮಂಗಲದ ಹಟ ಬಿಟ್ಟಿಲ್ಲ, ಮಧೂರಿಗೆ ಹೋಗಿ ಬಂದ ಮೇಲೆ ನೋಡುವ ಅಂತ ವಾಯಿದೆ ಹೇಳಿದ್ದೇನೆ.

ತಾಳಮದ್ದಳೆ ಮರುಳ
ಹಲ್ಲು ಬರಲಿ ಅನ್ನಿ ಅಣ್ಣನಿಗೆ.

ಗಲ್ಫ್ ಭಾವ
ಅಪ್ಪ ಸ್ವಲ್ಪ ಇಲ್ಲಿಗೂ ಕಳಿಸಿ ಮಾರಾಯ್ರೆ. ಮುಂದಿನ ವಾರ ನಮ್ಮ ರೂಮಿನವನೊಬ್ಬ ಊರಿಂದ ಬರುವವನಿದ್ದಾನೆ.